ಒದೆಯಲಿಲ್ಲ, ನೆಕ್ಕಲೂ ಇಲ್ಲ

ಝೂರಾಕಾನ್ ನನ್ನ ಪಕ್ಕದ ಮನೆಯಾಕೆ. ನಮ್ಮಿಬ್ಬರ ಅಂಗಳದ ನಡುವೆ ಒಂದು ಕಿರುಗಾಲುವೆ ಬಿಟ್ಟರೆ ಬೇರೆ ಗಡಿ ಇಲ್ಲ. ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಅದಕ್ಕೆ ಎಜೆ ಎಂದು ಕರೆಯುತ್ತೇನೆ, ಅಕ್ಕ ಅಂದ ಹಾಗೆ. ನಾನು ಬೂಬೂಯ್ರಾ, ಈ ಊರಿನ ಶಾಲೆಯಲ್ಲಿ ಮೂವತ್ತೇಳು ವರ್ಷ ಜೀವಶಾಸ್ತ್ರ ಕಲಿಸಿದವಳು. ಮನುಷ್ಯನಿಗೂ ಪ್ರಾಣಿಗೂ ಏನು ವ್ಯತ್ಯಾಸ ಅನ್ನುವ ಪಾಠ ಎಂಟನೇ ತರಗತಿಗೆ ಬರುತ್ತಿತ್ತು. ಮನುಷ್ಯ ನೆಟ್ಟಗೆ ನಿಂತು ನಡೆಯುತ್ತಾನೆ, ಮಾತಾಡುತ್ತಾನೆ, ಹತಾರ ಮಾಡಿಕೊಂಡು ದುಡಿಯುತ್ತಾನೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ಆ ಪಾಠ ಸಾಲದು ಅನ್ನುವ ಅನುಮಾನ ನನಗೆ ಹುಟ್ಟಿದ್ದು ಪುಸ್ತಕ ಓದಿ ಅಲ್ಲ, ಕಾಲುವೆಯ ಆಚೆ ಮನೆಯನ್ನು ನೋಡಿ ನೋಡಿ.

ಕುರಿಗಳೆಲ್ಲ ಸರ್ಕಾರದ ಫಾರಂಗೆ ಸೇರಿದ್ದ ಕಾಲದಲ್ಲಿ ಝೂರಾಕಾನ್ ಕುರಿ ಈಯುವ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವಳಿಗೆ ಮನೆ ಅನ್ನುವುದು ಹೆಸರಿಗೆ ಮಾತ್ರ. ಮರಿ ಸತ್ತ ತಾಯಿಗೂ ತಾಯಿ ಸತ್ತ ಮರಿಗೂ ಗಂಟು ಹಾಕುವುದು ಅವಳ ಕೆಲಸ. ಕುರಿ ತನ್ನದಲ್ಲದ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಬಾಲದ ಬುಡ ಮೂಸಿ ನೋಡುತ್ತದೆ, ವಾಸನೆ ಬೇರೆ ಅಂತ ಗೊತ್ತಾದದ್ದೇ ಗುದ್ದಿ, ಒದ್ದು ದೂರ ಮಾಡುತ್ತದೆ. ಝೂರಾಕಾನ್ ಸತ್ತ ಮರಿಯ ಚರ್ಮ ಸುಲಿದು, ಕಾಲು ತೂರಿಸಲು ನಾಲ್ಕು ತೂತು ಬಿಟ್ಟು, ಅದನ್ನು ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸುತ್ತಿದ್ದಳು. ತಾಯಿ ಮೂಸುತ್ತದೆ. ನನ್ನದೇ ಅಂದುಕೊಳ್ಳುತ್ತದೆ. ನಾಲ್ಕು ದಿನ ಕಳೆದ ಮೇಲೆ ಚರ್ಮ ಕಿತ್ತೆಸೆದರೂ ಮರಿಯನ್ನು ಬಿಡುವುದಿಲ್ಲ. ಮೂರು ಫಾರಂಗಳಲ್ಲಿ ಅವಳಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ಇರಲಿಲ್ಲ.

ಅವಳ ಸ್ವಂತ ಮಕ್ಕಳು ಉಳಿಯಲಿಲ್ಲ. ಎರಡು ಹುಟ್ಟುತ್ತಲೇ ಹೋದವು. ಮೂರನೆಯದು ಹೆಣ್ಣು. ಇದಾದರೂ ನಿಲ್ಲಲಿ ಅಂತ, ನಿಲ್ಲು ಅನ್ನುವ ಅರ್ಥ ಬರುವಂತೆ ತೊಕ್ತೊಬೂಬೂ ಎಂದು ಹೆಸರಿಟ್ಟರು. ನಾಲ್ಕು ವರ್ಷ ನಿಂತಿತು, ಆಮೇಲೆ ದಡಾರ ಬಂತು.

ಅದಾಗಿ ಎರಡು ವರ್ಷಕ್ಕೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಅವಳ ಗಂಡ ತುರ್ದುಮಾತ್ ಲಾರಿ ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದ. ಅವನು ಕೊಚ್ಕೋರ್ ಕಡೆಗೆ ಉಣ್ಣೆ ಸಾಗಿಸುತ್ತಿದ್ದ, ತಿಂಗಳಲ್ಲಿ ಅರ್ಧ ಅಲ್ಲೇ ಇರುತ್ತಿದ್ದ. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಕೊಟ್ಟಿಗೆಗೆ ಹುಲ್ಲು ಹೊರಿಸಲು ಬಂದಿದ್ದೆ, ಹಾಗಾಗಿ ಕಣ್ಣಾರೆ ಕಂಡೆ. ಲಾರಿಯಿಂದ ಅವನು ಕಂಬಳಿ ಸುತ್ತಿದ ಮೂರು ವರ್ಷದ ಹುಡುಗಿಯನ್ನು ಇಳಿಸಿದ.

"ಇವಳ ತಾಯಿ ತೀರಿಕೊಂಡಳು, ಝೂರಾ," ಅಂದ.

ಝೂರಾಕಾನ್ ಮೊಣಕೈವರೆಗೂ ರಕ್ತ ಮಾಡಿಕೊಂಡು ನಿಂತಿದ್ದಳು, ಆಗತಾನೇ ಒಂದು ಕುರಿಯ ಹೆರಿಗೆ ಮಾಡಿಸಿದ್ದಳು.

"ಅಪ್ಪ ಯಾರು?"

ತುರ್ದುಮಾತ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಅಪ್ಪ ಯಾರು ಅಂತ ಕೇಳ್ದೆ."

"ನಾನೇ."

ಕೊಟ್ಟಿಗೆಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಈಗ ಇವಳು ಸಲಿಕೆ ಎತ್ತುತ್ತಾಳೆ ಅಂತಲೇ ನಾನೂ ಅಂದುಕೊಂಡೆ. ಅವಳು ಹುಡುಗಿಯ ಕಾಲು ನೋಡಿದಳು.

"ಕಾಲಿಗೆ ಏನೂ ಹಾಕಿಲ್ವಲ್ಲೋ ಕತ್ತೆ, ಈ ಚಳೀಲಿ! ಮನೆಗೆ ಕರ್ಕೊಂಡು ಹೋಗು. ಒಲೆ ಮೇಲೆ ಸಾರಿದೆ, ಬಿಸಿ ಮಾಡಿ ಕುಡಿಸು. ನಿನ್ನ ವಿಚಾರ ಆಮೇಲೆ."

ಆ ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ತುರ್ದುಮಾತ್ ಒಂದು ವಾರ ಲಾರಿಯಲ್ಲೇ ಮಲಗಿದ್ದು ಮಾತ್ರ ಊರಿಗೆಲ್ಲ ಗೊತ್ತು.

ಹುಡುಗಿಯ ಹೆಸರು ಸಾಲ್ಕಿನಾಯ್. ಬಂದ ಮೂರನೆಯ ದಿನ ಝೂರಾಕಾನ್‌ಳ ಅತ್ತೆ ಉಮ್ಸುನ್ ಮುದುಕಿ ಪೆಟ್ಟಿಗೆಯಿಂದ ತೊಕ್ತೊಬೂಬೂಳ ಹತ್ತಿ ತುಂಬಿದ ಕೋಟು ತೆಗೆದಳು. ನಾನು ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ.

"ಇದನ್ನ ತೊಡಿಸು ಸೊಸೆ. ಅಳತೆ ಸರಿಹೋಗುತ್ತೆ. ನೋಡ್ತಾ ನೋಡ್ತಾ ನಿನ್ನ ಮನಸ್ಸೂ ಕರಗುತ್ತೆ."

ಝೂರಾಕಾನ್ ಅತ್ತೆಗೆ ಯಾವತ್ತೂ ಎದುರು ಮಾತಾಡಿದವಳಲ್ಲ. ಅವತ್ತು ಕೋಟನ್ನು ಅತ್ತೆಯ ಕೈಯಿಂದ ತೆಗೆದುಕೊಂಡು, ಮಡಚಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

"ನಾನೇನು ಕುರಿನಾ ಅತ್ತೆ, ವಾಸನೆಗೆ ಮೋಸ ಹೋಗೋದಕ್ಕೆ? ಇದು ಯಾರ ಮಗು ಅಂತ ನನಗೆ ಗೊತ್ತಿದೆ. ನಾಳೆನೂ ಗೊತ್ತಿರುತ್ತೆ."

ತನ್ನದೇ ಹಳೆಯ ಕೋಟನ್ನು ಕತ್ತರಿಸಿ ಹುಡುಗಿಗೆ ಒಂದು ಹೊಲಿದಳು. ತೋಳು ಒಂದು ಉದ್ದ, ಒಂದು ಗಿಡ್ಡ.

ಹೀಗೆ ಏಳು ವರ್ಷ ನಡೆಯಿತು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ಬಂದು, ಹುಡುಗಿಯನ್ನು ಎಬ್ಬಿಸಿ, ಮುಖ ತೊಳೆಸಿ, ಚಹಾದಲ್ಲಿ ರೊಟ್ಟಿ ಮುರಿದು ಹಾಕಿ ತಿನ್ನಿಸಿ, ಜಡೆ ಹೆಣೆದು ಶಾಲೆಗೆ ಕಳಿಸುವಳು. ತಲೆಯಲ್ಲಿ ಹೇನಾದರೆ ಸೀಮೆಎಣ್ಣೆ ಹಚ್ಚಿ, ಬಾಚಿ ತೆಗೆಯುವಳು. ಜ್ವರ ಬಂದರೆ ಕುರಿಯ ಬಾಲದ ಕೊಬ್ಬು ಕರಗಿಸಿ ಎದೆಗೆ ತಿಕ್ಕುವಳು. ಹೊಡೆದದ್ದನ್ನು ನಾನು ನೋಡಿಲ್ಲ. ಮುದ್ದಿಸಿದ್ದನ್ನೂ ನೋಡಿಲ್ಲ. ನಮ್ಮಲ್ಲಿ ಹೆಂಗಸರು ದಾರಿಯಲ್ಲಿ ಸಿಕ್ಕ ಮಗುವಿನ ನೆತ್ತಿಯನ್ನಾದರೂ ಮೂಸಿ ಮುತ್ತಿಡುತ್ತಾರೆ. ಅವಳು ಆ ಹುಡುಗಿಗೆ ಅಷ್ಟೂ ಮಾಡಲಿಲ್ಲ. ಹುಡುಗಿ ಅವಳನ್ನು ಅಪಾ ಅಂತ, ಅಂದರೆ ಅಮ್ಮ ಅಂತ ಕರೆಯಲಿಲ್ಲ. ಎಲ್ಲರ ಹಾಗೆ ಎಜೆ ಅನ್ನುತ್ತಿದ್ದಳು. ಅದನ್ನು ತಿದ್ದಲು ಝೂರಾಕಾನ್ ಹೋಗಲಿಲ್ಲ.

ಒಂದು ಸಲ ನಾನು ಕಾಲುವೆಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿದೆ, "ಹೇಗೆ ಮಾಡ್ತೀರ ಎಜೆ? ನನ್ನ ಕೈಲಂತೂ ಆಗ್ತಿರಲಿಲ್ಲ."

"ಏನು ಹೇಗೆ?" ಅಂದಳು. ಅವಳ ಕಣ್ಣಿನ ಕೆಳಗೆ ಕಪ್ಪು ಚೀಲದ ಹಾಗೆ ಇಳಿಬಿದ್ದಿತ್ತು. "ಬೆಳಗಾಗುತ್ತೆ. ಅದಕ್ಕೆ ಹಸಿವಾಗುತ್ತೆ. ಇನ್ನೇನಿದೆ ಇದರಲ್ಲಿ ಹೇಗೆ ಅನ್ನೋದಕ್ಕೆ? ಸುಮ್ಮನೆ ಪಾತ್ರೆ ತೊಳಿ, ಮೇಷ್ಟ್ರಮ್ಮ."

ಸರ್ಕಾರದ ಫಾರಂ ಮುಚ್ಚಿಹೋಯಿತು. ಕುರಿಗಳನ್ನು ಮನೆಮನೆಗೆ ಹಂಚಿದರು, ಝೂರಾಕಾನ್ ಪಾಲಿಗೆ ನಲವತ್ತು ಬಂದವು. ಲಾರಿ ಯಾರ ಪಾಲಿಗೋ ಹೋಯಿತು. ಲಾರಿ ಇಲ್ಲದ ತುರ್ದುಮಾತ್ ಕುಡಿಯುವುದಕ್ಕೆ ಶುರು ಮಾಡಿದ, ಎರಡನೇ ಶರತ್ಕಾಲಕ್ಕೆ ಯಕೃತ್ತು ಕೆಟ್ಟು ಸತ್ತ. ಉಮ್ಸುನ್ ಮುದುಕಿ ಅದಕ್ಕೂ ಮುಂಚೆಯೇ ಹೋಗಿದ್ದಳು. ತುರ್ದುಮಾತ್ ಸತ್ತ ನಲವತ್ತನೆಯ ದಿನದ ಊಟ ಮುಗಿದ ಮೇಲೆ, ಕೊಚ್ಕೋರ್‌ನಿಂದ ಸಾಲ್ಕಿನಾಯ್‌ಳ ಸೋದರಮಾವ ಬಂದ. ಒಳ್ಳೆಯ ಮನುಷ್ಯ. ನಾಚಿಕೊಂಡೇ ಮಾತಾಡಿದ.

"ಅವನೇ ಹೋದ ಮೇಲೆ ನಿಮಗ್ಯಾಕೆ ಈ ಹೊರೆ, ಎಜೆ? ಹುಡುಗಿ ನಮ್ಮ ರಕ್ತ. ಏಳು ಮಕ್ಕಳ ಜೊತೆ ಎಂಟನೆಯದು, ಹೇಗೋ ಆಗುತ್ತೆ."

ಝೂರಾಕಾನ್ ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು. "ಕರ್ಕೊಂಡು ಹೋಗಪ್ಪ. ನನಗೂ ಸಾಕಾಗಿದೆ," ಅಂದಳು.

ಹತ್ತು ವರ್ಷದ ಹುಡುಗಿ ಒಂದು ಗಂಟು ಹಿಡಿದು ಅವನ ಹಿಂದೆ ಹೋದಳು. ಅಳಲಿಲ್ಲ, ತಿರುಗಿ ನೋಡಲೂ ಇಲ್ಲ. ಊರಲ್ಲಿ ಯಾರೂ ಝೂರಾಕಾನ್‌ಳನ್ನು ಬೈಯಲಿಲ್ಲ. ಕೊನೆಗಾದರೂ ಉಸಿರಾಡಲಿ ಪಾಪ ಅಂದರು. ಆ ಚಳಿಗಾಲ ಅವಳು ಬಹಳ ನಿದ್ದೆ ಮಾಡಿದಳು. ಸೂರ್ಯ ಮೇಲೆ ಬಂದರೂ ಅವಳ ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಅವಳ ಕುರಿಗಳು ಈಯಲು ಶುರು ಮಾಡಿದವು. ಕೈಯಾಸರೆಗೆ ನಾನೂ ಹೋಗುತ್ತಿದ್ದೆ. ಒಂದು ಕರಿ ಮೋರೆಯ ಕುರಿಯ ಮರಿ ಸತ್ತಿತ್ತು. ಅವಳಿಮರಿ ಹಾಕಿದ ಇನ್ನೊಂದು ಕುರಿ, ಒಂದನ್ನು ಇಟ್ಟುಕೊಂಡು ಒಂದನ್ನು ದೂರ ಮಾಡಿತ್ತು. ಝೂರಾಕಾನ್ ಎಂದಿನಂತೆ ಚರ್ಮ ಸುಲಿದು ಆ ಮರಿಗೆ ತೊಡಿಸಿದಳು. ಐದನೇ ದಿನ ಚರ್ಮ ತೆಗೆದಳು. ಕರಿ ಮೋರೆಯ ಕುರಿ ಮರಿಯನ್ನು ಮೂಸಿತು, ಗಂಟಲಲ್ಲೇ ಮೆಲ್ಲಗೆ ದನಿ ಮಾಡಿತು, ಬೆನ್ನು ನೆಕ್ಕಿತು. ಮರಿ ಬಾಲ ಕುಣಿಸುತ್ತಾ ಕೆಚ್ಚಲಿಗೆ ಬಾಯಿ ಹಾಕಿತು.

ಝೂರಾಕಾನ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದಳು.

"ಎಷ್ಟು ಸುಲಭ ನೋಡು ಇದಕ್ಕೆ," ಅಂದಳು. "ಮೊದಲು ಬೇಡ. ಆಮೇಲೆ ಬೇಕು. ಬೇಡ ಅಂದಿದ್ದೂ ನೆನಪಿಲ್ಲ."

ನಾನು ಕಿತ್ತ ಚರ್ಮವನ್ನು ಎತ್ತಿ ಮೂಲೆಗೆ ಹಾಕಿದೆ.

"ಆ ಹುಡುಗಿ ಯಾರ ಮಗು ಅಂತ ನಾನು ಒಂದು ದಿನಾನೂ ಮರೀಲಿಲ್ಲ, ಬೂಬೂಯ್ರಾ. ಸಾರು ಬಡಿಸೋವಾಗ ಗೊತ್ತಿರೋದು. ಜಡೆ ಹಾಕೋವಾಗ ಗೊತ್ತಿರೋದು. ಅದಕ್ಕೇ ಇಷ್ಟು ಸುಸ್ತು."

ಮರುದಿನ ಬೆಳಿಗ್ಗೆ ಕುರಿಗಳನ್ನು ನನಗೆ ಒಪ್ಪಿಸಿ, ಬಸ್ಸು ಹತ್ತಿ ಕೊಚ್ಕೋರ್‌ಗೆ ಹೋದಳು. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅವಳಲ್ಲ, ಸಾಲ್ಕಿನಾಯ್. ಮಾವನ ಮನೆಯಲ್ಲಿ ಅವಳಿಗೆ ಯಾರೂ ಕಷ್ಟ ಕೊಟ್ಟಿರಲಿಲ್ಲ. ಹಾಸಿಗೆ ಸಾಲದೆ ಬಾಗಿಲ ಹತ್ತಿರ ಮಲಗುತ್ತಿದ್ದಳು, ಅಷ್ಟೇ. ಹೆಸರು ಕೂಗುವಾಗ ಅತ್ತೆ ಏಳು ಹೆಸರು ಕೂಗಿ ನಿಲ್ಲಿಸುತ್ತಿದ್ದಳಂತೆ. ಮರೆವು, ಬೇಕಂತ ಅಲ್ಲ. ಝೂರಾಕಾನ್ ಒಳಗೆ ಬಂದು, ಕೊಟ್ಟ ಚಹಾ ಎರಡು ಬಟ್ಟಲು ಕುಡಿದು, ಮನೆಯವರ ಯೋಗಕ್ಷೇಮ ಎಲ್ಲ ವಿಚಾರಿಸಿ, ಆಮೇಲೆ ಹುಡುಗಿಯ ಕಡೆ ತಿರುಗಿದಳು.

"ಹೊರಡು."

"ಎಲ್ಲಿಗೆ?"

"ಮನೆಗೆ. ಇನ್ನೆಲ್ಲಿಗೆ?"

"ನಿಮಗೆ ನಾನು ಇಷ್ಟ ಇಲ್ಲವಲ್ಲ," ಅಂದಳು ಹುಡುಗಿ. ಕೋಣೆಯಲ್ಲಿ ಎಲ್ಲರ ಮುಂದೆ.

"ಇಷ್ಟ ಕಷ್ಟ ಯಾರು ಕೇಳಿದ್ರು ಈಗ? ಬೂಟು ಹಾಕ್ಕೋ. ಬಸ್ಸು ಹೋಗಿಬಿಡುತ್ತೆ."

ವಾಪಸ್ ಬರುತ್ತಾ ದೊಲೋನ್ ಘಟ್ಟ ಹತ್ತುವಾಗ ಹಿಮ ಬಿದ್ದು ಬಸ್ಸು ನಿಂತಿತು. ಮೂರು ಗಂಟೆ ಕಾದರು. ಝೂರಾಕಾನ್ ತನ್ನ ಶಾಲನ್ನು ಬಿಚ್ಚಿ ಹುಡುಗಿಯ ಕಾಲಿಗೆ ಸುತ್ತಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಬಾಯಿ ತೆರೆದಿತ್ತು, ಗೊರಕೆ ಹೊಡೆಯುತ್ತಿದ್ದಳು. "ಅವತ್ತು ಮೊದಲ ಸಲ ಅವರ ಮುಖ ಸರಿಯಾಗಿ ನೋಡಿದೆ. ಎಷ್ಟು ದಣಿದಿದ್ದರು ಗೊತ್ತಾ ಮೇಡಂ!" ಅಂದಳು ಸಾಲ್ಕಿನಾಯ್ ನನ್ನ ಹತ್ತಿರ.

ನಾಲ್ಕು ವರ್ಷದ ಮೇಲೆ ಅವಳು ನನ್ನ ಎಂಟನೇ ತರಗತಿಯಲ್ಲಿ ಕೂತಿದ್ದಳು. ಆ ಪಾಠ ಬಂತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಪುಸ್ತಕದ್ದೇ ಒಪ್ಪಿಸಿದರು. ಒಬ್ಬ ತುಂಟ, "ಪ್ರಾಣಿಗೆ ಮನೆಪಾಠ ಇರಲ್ಲ ಮೇಡಂ, ಅದೇ ವ್ಯತ್ಯಾಸ," ಅಂದ, ಎಲ್ಲರೂ ನಕ್ಕರು. ಸಾಲ್ಕಿನಾಯ್‌ಳ ಸರದಿ ಬಂದಾಗ ಅವಳು ಎದ್ದು ನಿಂತು ಡೆಸ್ಕಿನ ಅಂಚು ಹಿಡಿದುಕೊಂಡಳು.

"ಕುರಿ ಇನ್ನೊಬ್ಬರ ಮರೀನ ಒದೆಯುತ್ತೆ. ಚರ್ಮ ತೊಡಿಸಿದರೆ ನೆಕ್ಕುತ್ತೆ. ನನ್ನ ಅಪಾ ನನ್ನ ಒದೆಯಲಿಲ್ಲ, ನೆಕ್ಕಲೂ ಇಲ್ಲ. ಆದರೆ ಸಾಕಿದರು."

ಅವಳು ಅಪಾ ಅಂದದ್ದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡವಳು ನಾನೇ ಇರಬೇಕು. ಎಷ್ಟು ಅಂಕ ಹಾಕಬೇಕೆಂದು ತಿಳಿಯದೆ ಪೂರ್ತಿ ಹಾಕಿದೆ.

ಮನೆಯಲ್ಲಿ ಯಾವಾಗಿನಿಂದ ಹಾಗೆ ಕರೆಯುತ್ತಿದ್ದಳೋ ಗೊತ್ತಿಲ್ಲ. ಆ ಸಂಜೆ ಕಾಲುವೆಯ ಹತ್ತಿರ ಝೂರಾಕಾನ್‌ಗೆ ವಿಷಯ ಹೇಳಿದೆ. ಅವಳು ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೊಡ ಕೆಳಗಿಟ್ಟಳು.

"ನೆಕ್ಕಲಿಲ್ಲ ಅಂದಳಾ?"

"ಹೂಂ."

"ನಿಜಾನೇ." ಬಗ್ಗಿ ಕೊಡಕ್ಕೆ ನೀರು ತುಂಬಿಸಿದಳು. "ಮಾಡಬಹುದಿತ್ತೇನೋ. ಬರಲಿಲ್ಲ ನನಗೆ. ಸುಳ್ಳು ಮಾಡೋಕೆ ಮನಸ್ಸಾಗಲಿಲ್ಲ, ನಿಜ ಬರೋ ಅಷ್ಟರಲ್ಲಿ ಅದು ದೊಡ್ಡದಾಗಿಬಿಟ್ಟಿತ್ತು."

ಹೀಗೆ ಹೇಳಿ ಕೊಡ ಎತ್ತಿಕೊಂಡು ಒಳಗೆ ಹೋದಳು. ಅವಳು ಅತ್ತದ್ದನ್ನು ನಾನು ನೋಡಿದವಳಲ್ಲ, ಅವತ್ತೂ ನೋಡಲಿಲ್ಲ.

ಸಾಲ್ಕಿನಾಯ್ ನಾರಿನ್ ಪಟ್ಟಣದಲ್ಲಿ ಸೂಲಗಿತ್ತಿಯ ಕೆಲಸ ಕಲಿತು ನಮ್ಮ ಊರಿನ ಚಿಕ್ಕ ಆಸ್ಪತ್ರೆಗೇ ಬಂದಳು. ಮದುವೆಗೆ ಒಂದೇ ಷರತ್ತು ಹಾಕಿದಳು, ಗಂಡ ಈ ಮನೆಗೆ ಬರಬೇಕು ಅಂತ. ನಮ್ಮಲ್ಲಿ ಮನೆಯಳಿಯನಾಗುವುದು ಗಂಡಸಿಗೆ ಸಣ್ಣ ಅವಮಾನವಲ್ಲ. ಒಪ್ಪಿಕೊಂಡವನು ವಿದ್ಯುತ್ ಕಂಬ ಹತ್ತುವ ಜಾನಿಶ್, ಮಾತು ಕಡಿಮೆ. ಅಂಗಡಿಯ ಮುಂದೆ ಗೆಳೆಯರು ಇವತ್ತಿಗೂ ಕಾಡುತ್ತಾರೆ, "ಏನೋ ಜಾನಿಶ್, ಅತ್ತೆ ಅಪ್ಪಣೆ ಕೊಟ್ಟರಾ ಹೊರಗೆ ಬರೋದಕ್ಕೆ?" ಅವನು, "ಕೊಟ್ಟರು, ಆದರೆ ನಿನ್ನ ಜೊತೆ ಮಾತ್ರ ಸೇರಬೇಡ ಅಂದರು," ಅಂತ ನಕ್ಕು ಬರುತ್ತಾನೆ. ಮೂವರು ಮಕ್ಕಳಾದರು. ಯಾರೂ ನೋಡುತ್ತಿಲ್ಲ ಅಂದುಕೊಂಡು ಝೂರಾಕಾನ್ ಆ ಮಕ್ಕಳ ನೆತ್ತಿಯನ್ನು ಮೂಸಿದ್ದನ್ನು ನಾನು ನೋಡಿದ್ದೇನೆ.

ಈಗ ಅವಳಿಗೆ ಎಪ್ಪತ್ತನಾಲ್ಕು. ಮೊಣಕಾಲು ಮಡಚಲಾಗುವುದಿಲ್ಲ, ಗೋಡೆಗೊರಗಿ ಕಾಲು ಚಾಚಿ ಕೂರುತ್ತಾಳೆ. ಹೋದ ಶನಿವಾರ ನಾನು ಹೋದಾಗ ಸಾಲ್ಕಿನಾಯ್ ಎರಡು ಹೆರಿಗೆ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು, ನಿಂತಲ್ಲೇ ತೂಕಡಿಸುತ್ತಿದ್ದಳು. ಆದರೂ ನೀರು ಕಾಯಿಸಿ, ತಾಯಿಯ ಬಿಳಿ ಕೂದಲು ಬಿಚ್ಚಿ, ಬೋಗುಣಿಯ ಮೇಲೆ ಬಗ್ಗಿಸಿ ತೊಳೆಯಲು ಶುರು ಮಾಡಿದಳು.

"ನಾಳೆ ತೊಳೀಬಹುದಿತ್ತಲ್ಲ. ಹೋಗಿ ಮಲಗು," ಅಂದಳು ಝೂರಾಕಾನ್, ತಲೆ ಬಗ್ಗಿಸಿದ್ದರಿಂದ ದನಿ ಬೋಗುಣಿಯ ಒಳಗಿನಿಂದ ಬಂತು.

"ನಾಳೆನೂ ಸುಸ್ತಾಗಿರುತ್ತೆ, ಅಪಾ. ಕಣ್ಣು ಮುಚ್ಚಿಕೊಳ್ಳಿ, ಸೋಪು ಹೋಗುತ್ತೆ."

ನಾನು ಚೊಂಬಲ್ಲಿ ನೀರು ಹಾಕಿದೆ. ಬೋಗುಣಿ ತುಂಬಿ ಇನ್ನೊಂದು ಬೇಕಾಯಿತು, ಜಾನಿಶ್ ತಂದುಕೊಟ್ಟ.