ಹಲಗೆಯ ಕೊನೆಯ ಸಾಲು

ಅವರ ಬಲಗಿವಿಯ ಮೇಲೆ ಸದಾ ಒಂದು ತುಂಡು ಸೀಮೆಸುಣ್ಣ ಸಿಕ್ಕಿಸಿರುತ್ತಿತ್ತು, ಬಡಗಿಗಳು ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ. ಬೆವರಿಗೆ ಅದು ಕರಗಿ ಕಿವಿಯ ಹಿಂದೆ ಬೆಳ್ಳನೆಯ ಗೆರೆ ಇಳಿದಿರುತ್ತಿತ್ತು. ಹಲಗೆ ಒರೆಸಿ ಒರೆಸಿ ಹೆಬ್ಬೆರಳೂ ಬಿಳಿಚಿತ್ತು. ಟೀಚರ್ ಆಗಿದ್ದವಳು ನಾನು, ಅವರು ಎದುರಿನ ಹೋಟೆಲಿನ ಯಜಮಾನರು. ಹೊಸಬರು ನೋಡಿದರೆ ಅವರೇ ಮೇಷ್ಟ್ರು ಅನ್ನಬೇಕು.

ಮದ್ರಾಸಿನ ರಾಯಪುರಂನಲ್ಲಿ ನಮ್ಮ ಕಾರ್ಪೊರೇಷನ್ ಶಾಲೆಯ ಗೇಟಿಗೆ ಎದುರಾಗಿತ್ತು ಆ ಹೋಟೆಲು. ಯಜಮಾನರು ಕುಂದಾಪುರದ ಕಡೆಯವರು. ಬೀದಿಗೆಲ್ಲ ಅವರು 'ಸಾಮಿ'. ನಾನು ಮದ್ರಾಸಿನಲ್ಲೇ ಹುಟ್ಟಿ, ತಮಿಳಿನಲ್ಲೇ ಓದಿ, ಮನೆಯೊಳಗಷ್ಟೇ ಕನ್ನಡ ಆಡುತ್ತಿದ್ದವಳು. "ನಿಮ್ಮ ಕನ್ನಡಕ್ಕೆ ಸಾಂಬಾರು ಜಾಸ್ತಿ ಆಯ್ತಲ್ದಾ ಟೀಚರೇ" ಎಂದು ಅವರು ಕೆಣಕುವರು. "ನಿಮ್ಮ ತಮಿಳಿಗೆ ತೆಂಗಿನೆಣ್ಣೆ ಜಾಸ್ತಿ" ಎಂದು ನಾನೂ ಬಿಡುತ್ತಿರಲಿಲ್ಲ.

ಗಲ್ಲಾದ ಹಿಂದೆ ಕುರ್ಚಿಯೇನೋ ಇತ್ತು, ಅದರಲ್ಲಿ ಅವರು ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ಕಾಲಿಗೆ ಚಕ್ರ. ಅಡುಗೆಮನೆಗೆ ಹೋಗಿ ಇಣುಕುವುದು, ಹೊರಗೆ ಬಂದು ತಿಂಡಿಗಳ ಹೆಸರು ಬರೆದ ಹಲಗೆ ನೋಡುವುದು. ವಡೆ ಮುಗಿಯಿತೋ, ಹೆಬ್ಬೆರಳಲ್ಲಿ ಆ ಸಾಲನ್ನು ಒರೆಸುವುದು. ಇಲ್ಲದ ತಿಂಡಿಯ ಹೆಸರು ಒಂದು ಗಳಿಗೆ ಹಲಗೆಯ ಮೇಲೆ ನಿಂತರೂ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆ ಹಲಗೆಗೆ ಶಾಲೆಯ ಸುದ್ದಿ ಬಂದದ್ದು ತಮಿಳರ ಐಪ್ಪಸಿ ತಿಂಗಳ ಒಂದು ಮಳೆಯಲ್ಲಿ. ರಜೆ ಎಂದು ಕಚೇರಿಯಿಂದ ಅಪ್ಪಣೆಯಾಗಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಆಗ ಯಾರ ಕೈಯಲ್ಲಿ ಫೋನಿತ್ತು? ತಾಯಂದಿರು ಬೆಳಕು ಹರಿಯುವ ಮೊದಲೇ ಮೀನು ಹರಾಜಿಗೆ ಹೋಗುವವರು, ತಂದೆಯರು ಹಾರ್ಬರಿಗೆ. ಗೇಟಿಗೆ ಅಂಟಿಸಿದ ಕಾಗದ ಮಳೆಗೆ ಕರಗಿಹೋಗಿತ್ತು. ನೆನೆದು ನಡುಗುತ್ತ ನಿಂತ ಮಕ್ಕಳನ್ನು ಯಜಮಾನರು ಒಳಗೆ ಕರೆದು ಬಿಸಿ ಇಡ್ಲಿ ಕೊಟ್ಟರು. ಮಾರನೆಯ ದಿನ ನನ್ನೆದುರು ನಿಂತು, "ಕಾಣಿ ಟೀಚರೇ, ಇವರ ಅಪ್ಪ ಅಮ್ಮ ಕಾಫಿಗೆ ನನ್ನ ಹತ್ರವೇ ಬರೂದು. ನನ್ನ ಹಲಗೆಯ ಕೊನೆ ಸಾಲು ಖಾಲಿ ಇತ್ತ್. ಸುದ್ದಿ ನೀವು ಹೇಳಿ, ನಾನ್ ಬರೀತೆ" ಎಂದರು.

ಅಲ್ಲಿಂದ ಮುಂದೆ ಇಡ್ಲಿ, ಪೊಂಗಲ್, ರವಾದೋಸೆಯ ಕೆಳಗೆ ತಮಿಳಿನಲ್ಲಿ ನಮ್ಮ ಶಾಲೆಯೂ ಒಂದು ಬಾಬತ್ತಾಯಿತು. ನಾಳೆ ಚುಚ್ಚುಮದ್ದು. ಇಂದು ಸಮವಸ್ತ್ರ ಕೊಡುತ್ತಾರೆ. ಓದು ಬಾರದ ತಾಯಂದಿರು ಕಾಫಿ ಲೋಟ ಹಿಡಿದು, "ಸಾಮಿ, ಸ್ಕೂಲ್ ಏನಂತೆ?" ಎಂದು ಕೇಳಿ ಓದಿಸಿಕೊಳ್ಳುವರು. ಸಂಜೆ ಗಂಟೆ ಹೊಡೆದ ಕೂಡಲೇ ಯಜಮಾನರು ಆ ಸಾಲನ್ನೂ ಒರೆಸಿಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ಅದೂ ಮುಗಿದ ತಿಂಡಿಯೇ.

ಒಂದು ಬೇಸಿಗೆ ರಜೆಯಲ್ಲಿ ಗಾಳಿಸುದ್ದಿ ಎದ್ದಿತು: ಮಕ್ಕಳು ಕಡಿಮೆಯಾಗಿದ್ದಾರೆ, ಈ ಶಾಲೆ ಮುಚ್ಚಿ ರೈಲ್ವೆ ಹಳಿಯಾಚೆಯ ಶಾಲೆಗೆ ಸೇರಿಸುತ್ತಾರೆ. ಕಚೇರಿಗೆ ಹೋಗಿ ಕೇಳಿದರೆ, "ಆರ್ಡರ್ ಬಂದರೆ ಹೇಳುತ್ತೇವೆ" ಎಂದಷ್ಟೇ ಉತ್ತರ. ಮುಚ್ಚುತ್ತಾರೆಂದು ಹೆದರಿ ಯಾರೂ ಒಂದನೇ ಕ್ಲಾಸಿಗೆ ಸೇರಿಸದೆ ಹೋದರೆ, ಆ ಕಾರಣಕ್ಕೇ ಮುಚ್ಚುವುದು ಖಂಡಿತ. ಆ ಪುಟ್ಟ ಮಕ್ಕಳು ದಿನಾ ಹಳಿ ದಾಟಬೇಕು.

ಹೋಟೆಲಿಗೆ ಓಡಿದೆ. "ಯಜಮಾನ್ರೇ, ಶಾಲೆ ಮುಚ್ಚೋದಿಲ್ಲ ಅಂತ ದೊಡ್ಡದಾಗಿ ಬರೀರಿ."

"ಮುಚ್ಚೂದಿಲ್ಲ ಅಂತ ನಿಮಗೆ ಯಾರ್ ಹೇಳಿದ್ದ್?"

"ಯಾರೂ ಹೇಳಿಲ್ಲ. ನೀವು ಬರೆದರೆ ಜನ ನಂಬ್ತಾರೆ."

"ಅದಕ್ಕೇ ಹೆದರಿಕೆ ಮಾರಾಯ್ತಿ" ಎಂದರು. "ಒಲೆ ಮೇಲೆ ಇಲ್ಲದ್ದು ಹಲಗೆ ಮೇಲೆ ಇಪ್ಪುಕಾಗ." ಇರಬಾರದು, ಅಷ್ಟೇ.

ನನಗೆ ಮೈಯೆಲ್ಲ ಉರಿಯಿತು. ಊರಿಗೆ ಬೆಂಕಿ ಬಿದ್ದಿದೆ, ಇವರಿಗೆ ಇಡ್ಲಿ ವಡೆಯ ನ್ಯಾಯ! "ನಿಮ್ಮ ಹಲಗೆ ನೀವೇ ಇಟ್ಟುಕೊಳ್ಳಿ" ಎಂದು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ತಿರುಗಿ ನೋಡಿದರೆ ಅವರು ಹೊರಗೂ ಒಳಗೂ ಅಲೆಯುತ್ತಿದ್ದರು, ಕಿವಿಯಿಂದ ಸೀಮೆಸುಣ್ಣ ತೆಗೆಯುವರು, ಮತ್ತೆ ಸಿಕ್ಕಿಸುವರು.

ಜೂನಿನಲ್ಲಿ ಶಾಲೆ ತೆರೆದ ದಿನ ಮೊದಲು ಹೋಟೆಲಿನ ಕಡೆಯೇ ನೋಡಿದೆ. ಹಲಗೆಯ ಕೊನೆಯಲ್ಲಿ ಒಂದೇ ಸಾಲು: 'ಇಂದು ಶಾಲೆ ಇದೆ.' ಮಾರನೆಯ ದಿನವೂ ಅದೇ, ಅಳಿಸಿ ಹೊಸದಾಗಿ ಬರೆದದ್ದು. ಅದರಾಚೆಯ ದಿನವೂ ಅದೇ. ನಾಳೆಯ ಮಾತು ಅವರು ಎತ್ತಲೇ ಇಲ್ಲ.

ಆ ವಾರ ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡೇ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದಳು. ಮುಚ್ಚುತ್ತಾರೆ ಅನ್ನುವ ಮಾತು ಕೇಳಿಲ್ಲವೇನಮ್ಮಾ ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಸಾಮಿ ಬೋರ್ಡ್‌ಲ ಪೋಟ್ಟಾ ಇರುಕ್ಕುಂ" ಎಂದಳು. ಸಾಮಿ ಹಲಗೆಯಲ್ಲಿ ಹಾಕಿದರೆ ಇದ್ದೇ ಇರುತ್ತದೆ. ಮುಗಿದ ವಡೆಯ ಹೆಸರನ್ನು ಎಂದೂ ಉಳಿಸದವರ ಮೇಲೆ ಅವಳಿಗಿದ್ದ ನಂಬಿಕೆ ಅದು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಂದನೇ ಕ್ಲಾಸಿನ ಬೆಂಚುಗಳು ತುಂಬಿದವು, ಆರ್ಡರ್ ಬರಲೇ ಇಲ್ಲ. ನಾನು ಹೋಟೆಲಿಗೆ ಹೋಗಿ ಕೂತೆ. ಯಜಮಾನರು ಕಾಫಿ ತಂದಿಟ್ಟು, "ಅವತ್ತಿನ ಅರ್ಧ ಬಾಕಿ ಇತ್ತ್" ಎಂದರು. ಈ ಸಲ ಪೂರ್ತಿ ಕುಡಿದೆ.

ಆಮೇಲೂ ಎಷ್ಟೋ ವರ್ಷ, ಬೇರೆ ಸುದ್ದಿ ಇಲ್ಲದ ದಿನ, ಅವರು ಅದೇ ಸಾಲು ಬರೆಯುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದಮೇಲೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಬಂದರೆ ಹೋಟೆಲಿನ ಷಟರ್ ಇಳಿದಿತ್ತು. ಹಾಲು ಕಾಯಿಸಲು ಎದ್ದವರು ಒಲೆಯ ಪಕ್ಕದಲ್ಲೇ ಕುಸಿದು ತೀರಿಕೊಂಡರಂತೆ. ಹೊರಗೆ ಹಲಗೆ ಖಾಲಿಯಾಗಿ ತೂಗುತ್ತಿತ್ತು, ಹಿಂದಿನ ಸಂಜೆ ಅವರೇ ಒರೆಸಿದ್ದು. ನಮ್ಮ ಗೇಟು ತೆರೆದಿದೆ, ಗಂಟೆ ಹೊಡೆದಿದೆ. ಆದರೂ ತಾಯಂದಿರು ಮಕ್ಕಳ ಕೈ ಹಿಡಿದು ಆ ಹಲಗೆಯ ಮುಂದೆಯೇ ನಿಂತಿದ್ದರು.

"ಇನ್ನಿಕ್ಕಿ ಸ್ಕೂಲ್ ಇರ್ಕಾ ಟೀಚರ್?" ಎಂದು ಒಬ್ಬಳು ಕೇಳಿದಳು. ಇವತ್ತು ಶಾಲೆ ಇದೆಯಾ ಎಂದು.

ಚೀಲದಿಂದ ಸೀಮೆಸುಣ್ಣ ತೆಗೆದೆ. ಒಲೆ ಉರಿದಿರಲಿಲ್ಲ, ಮೇಲಿನ ತಿಂಡಿಯ ಸಾಲುಗಳನ್ನು ಖಾಲಿಯೇ ಬಿಟ್ಟೆ. ತೀರ ಕೆಳಗೆ, ಅವರು ಬರೆಯುತ್ತಿದ್ದ ಜಾಗದಲ್ಲೇ ಬರೆದೆ: 'ಇಂದು ಶಾಲೆ ಇದೆ.' ತಾಯಂದಿರು ಹಿಡಿದ ಕೈ ಬಿಟ್ಟರು, ಮಕ್ಕಳು ರಸ್ತೆ ದಾಟಿದರು.