ಹತ್ತೊಂಬತ್ತನೆಯ ವಾರ್ಡಿಗೆ ನೀರು

ನಗರಸಭೆಯ ಹಿಂಬದಿಯ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ, ಹಳೆಯ ಕಡತಗಳ ಕೋಣೆಗೂ ಶೌಚಾಲಯಕ್ಕೂ ನಡುವೆ ಒಂದು ಗೂಡಿನಂಥ ಕೋಣೆ ಇದೆ. ಹೊರಗಿನ ಸದ್ದು ಒಳಗೆ ಬಾರದಿರಲಿ ಎಂದು ಗೋಡೆಗೆಲ್ಲ ಹಳೆಯ ಕಂಬಳಿ ಬಡಿದಿದ್ದಾರೆ. ಸದ್ದು ಬಂದೇ ಬರುತ್ತದೆ, ಅದು ಬೇರೆ ಮಾತು. ಪಕ್ಕದಲ್ಲಿ ಯಾರಾದರೂ ಸರಪಳಿ ಎಳೆದರೆ ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಊರಿಗೆ ಸುದ್ದಿ ಹೇಳಿದವಳು ನೀರಕ್ಕ.

ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಸಾಹೇಬರ ಸಹಿ ಬಿದ್ದ ಹಾಳೆ ಬರುತ್ತಿತ್ತು. ಅದನ್ನು ಅವಳು ಮೈಕಿನ ಮುಂದೆ ಓದಿ ಧ್ವನಿಮುದ್ರಿಸಬೇಕು. ಮಾರನೆಯ ದಿನ ನಾಲ್ಕಂಕಿಯ ನಂಬರಿಗೆ ಯಾರು ಫೋನ್ ಮಾಡಿದರೂ ಅವಳ ದನಿ ಕೇಳುತ್ತಿತ್ತು: ‘ನಾಗರಿಕರ ಗಮನಕ್ಕೆ. ಒಂದನೆಯ ವಾರ್ಡಿಗೆ ನೀರು ಬೆಳಿಗ್ಗೆ ಐದರಿಂದ ಆರು...’ ಹೀಗೆ ಇಪ್ಪತ್ನಾಲ್ಕು ವಾರ್ಡುಗಳು, ಆಮೇಲೆ ಮುಚ್ಚಿದ ರಸ್ತೆಗಳು, ಕೊನೆಗೆ ಕಾಲಕ್ಕೆ ತಕ್ಕ ಬುದ್ಧಿಮಾತು. ಬೇಸಿಗೆಯಲ್ಲಿ ಪೈಪಿಗೆ ಮೋಟರು ಹಾಕಬೇಡಿ. ಮಳೆಗಾಲದಲ್ಲಿ ಚರಂಡಿಗೆ ಕಸ ಸುರಿಯಬೇಡಿ. ಎಲೆ ಉದುರುವಾಗ ಸುಡಬೇಡಿ, ಚೀಲದಲ್ಲಿ ಕಟ್ಟಿ ಬುಧವಾರ ಹೊರಗಿಡಿ. ಚಳಿಗಾಲದಲ್ಲಿ ಉದ್ಯಾನದ ಗೇಟು ಒಂದು ಗಂಟೆ ತಡ. ಎಲ್ಲ ಸೇರಿ ಹನ್ನೊಂದು ನಿಮಿಷ. ಊರಿನ ಜನ ಸೂಚನೆಗಳನ್ನು ಪಾಲಿಸಿದರೋ ಇಲ್ಲವೋ ದೇವರೇ ಬಲ್ಲ, ಹೇಳುವುದನ್ನಂತೂ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ಒಂದು ವಿಚಿತ್ರವಿತ್ತು. ಬಾಯಿಂದ ಓದಿದ್ದು ಅವಳ ತಲೆಗೆ ಹೋಗುತ್ತಿರಲಿಲ್ಲ! ಹಾಳೆ ನೋಡಿ, ಉಸಿರು ಹಿಡಿದು, ತಡವರಿಸದೆ ಓದುವುದರಲ್ಲೇ ಗಮನವೆಲ್ಲ ಇರುತ್ತಿತ್ತು. ಓದಿ ಮುಗಿಸಿ ಎದ್ದರೆ ತಲೆ ತೊಳೆದಿಟ್ಟ ಪಾತ್ರೆ. ಹತ್ತೊಂಬತ್ತನೆಯ ವಾರ್ಡಿನ ತನ್ನ ಮನೆಗೇ ನಾಳೆ ನೀರು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಅವಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ವಾರಕ್ಕೆರಡು ಸಲ ಅವಳ ಬಕೆಟ್ಟುಗಳು ಬರಿದು. ಪಕ್ಕದ ಮನೆಯಾಕೆ ಒಂದು ಕೊಡ ನೀರು ತಂದುಕೊಡುತ್ತ, “ಊರಿಗೆಲ್ಲ ನೀರು ಹಿಡಿಸೋರು ನೀವು, ನಿಮ್ಮನೆಗೆ ನೀರು ಹೊರೋಳು ನಾನು. ಏನ್ ಹೇಳ್ಬೇಕು ನಿಮಗೆ!” ಎಂದು ನಗುತ್ತಿದ್ದಳು. ನೀರಕ್ಕನೂ ನಗುತ್ತಿದ್ದಳು. ನಗುವಂಥದ್ದೇ ಬಿಡಿ, ಹನ್ನೊಂದು ವರ್ಷದ ಹಿಂದಿನ ಆ ಒಂದು ದಿನವನ್ನು ಬಿಟ್ಟರೆ.

ನೀರಕ್ಕನಿಗೆ ಒಬ್ಬಳು ಅಕ್ಕ. ಊರಿಗೆಲ್ಲ ಅಕ್ಕನಾದವಳು ನಿಜದಲ್ಲಿ ತಂಗಿ. ಅಕ್ಕ ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಡಂ. ಮದುವೆಯಾಗಿ ಹೊಳೆಯಾಚೆ, ಮೂರನೆಯ ವಾರ್ಡಿನಲ್ಲಿದ್ದಳು. ಸೊಂಟಕ್ಕೆ ಕೈಯಿಟ್ಟು ನಿಂತರೆ ಹುಡುಗರಿರಲಿ, ಹೆಡ್ಮಾಸ್ತರೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ತಂಗಿಯ ಜಡೆ ಹೆಣೆದವಳು, ಮರೆತುಬಿಟ್ಟುಹೋದ ಪುಸ್ತಕವನ್ನು ಶಾಲೆಗೆ ಓಡಿ ತಂದುಕೊಟ್ಟವಳು, “ಗಡಿಬಿಡಿ, ಗಡಿಬಿಡಿ, ನಿನ್ನ ತಲೆ ಕತ್ತಿನ ಮೇಲಿದೆಯೋ ಇಲ್ವೋ ಒಂದ್ಸಲ ಮುಟ್ಟಿ ನೋಡ್ಕೋ” ಎಂದು ಬೈದವಳು ಅವಳೇ. ‘ಗಡಿಬಿಡಿ’ ಎನ್ನುವುದೇ ತಂಗಿಗೆ ಅವಳಿಟ್ಟ ಹೆಸರು.

ಆ ದಿನ ಅಮ್ಮ ಆಸ್ಪತ್ರೆಯಲ್ಲಿದ್ದಳು. ಸಂಜೆ ನಾಲ್ಕಕ್ಕೆ ಬಂದ ಹಾಳೆಯಲ್ಲಿ ತುರ್ತು ಸೂಚನೆಯೊಂದಿತ್ತು: ಹೊಳೆಯ ಸೇತುವೆಯಲ್ಲಿ ಬಿರುಕು ಕಂಡಿದೆ, ಇಂದು ಆರು ಗಂಟೆಯಿಂದ ವಾಹನ ಸಂಚಾರ ಬಂದ್, ಮೇಲಿನ ಸೇತುವೆ ಬಳಸಿ. ಅದನ್ನು ಆಗಲೇ ಕೇಳಿಸಬೇಕೆಂದು ಸಾಹೇಬರು ಹೇಳಿದ್ದರಿಂದ ಅವಳು ಸ್ಪಷ್ಟವಾಗಿ, ಎರಡು ಸಲ ಓದಿದಳು. ಐದೂ ಮುಕ್ಕಾಲಿಗೆ ಆಸ್ಪತ್ರೆಯಿಂದ ಕರೆ ಬಂತು. ಅಕ್ಕನಿಗೆ ಫೋನ್ ಮಾಡಿ “ಅಮ್ಮಂಗೆ ಜಾಸ್ತಿಯಾಗಿದೆ, ಬೇಗ ಬಾ” ಎಂದಷ್ಟೇ ಹೇಳಿ ಆಟೋ ಹತ್ತಿದಳು.

ಅಕ್ಕ ಸೇತುವೆಗೆ ಬಂದಾಗ ಆರು ಹತ್ತು. ಅಡ್ಡ ಪಟ್ಟಿ ಕಟ್ಟಿಯಾಗಿತ್ತು. ಗಾಡಿ ತಿರುಗಿಸಿ, ಮೇಲಿನ ಸೇತುವೆಯ ಜಾತ್ರೆಯಂಥ ದಟ್ಟಣೆಯಲ್ಲಿ ನುಗ್ಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಏಳು ಇಪ್ಪತ್ತು. ಅಮ್ಮ ಏಳಕ್ಕೆ ಐದು ನಿಮಿಷವಿರುವಾಗ ಹೋಗಿಬಿಟ್ಟಿದ್ದಳು. ಹೋಗುವ ಮುಂಚೆ ಮೂರು ಸಲ ಕೇಳಿದ್ದಳು, “ದೊಡ್ಡವಳು ಬಂದ್ಲಾ?” ಎಂದು.

ಅಕ್ಕ ಅಳಲಿಲ್ಲ. ಅಮ್ಮನ ಹಣೆಯ ಕೂದಲು ಸರಿಸಿ ಕೂತಿದ್ದಳು. ಪಕ್ಕದ ಹಾಸಿಗೆಯವರನ್ನು ನೋಡಲು ಬಂದ ಯಾರೋ ಒಬ್ಬರು ಸಮಾಧಾನ ಹೇಳಲು ಹೋಗಿ, “ಸೇತುವೆ ಬಂದ್ ಅಂತ ಸಂಜೆನೇ ಹೇಳಿದ್ರಲ್ಲಮ್ಮ ಫೋನಲ್ಲಿ, ಅದಕ್ಕೇ ನಾನು ಸುತ್ತಿ ಬಂದೆ” ಎಂದರು. ಅಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು.

“ಊರಿಗೆಲ್ಲ ಹೇಳ್ದೆ. ನಂಗೊಬ್ಳಿಗೆ ಹೇಳ್ಲಿಲ್ಲ.”

ಅಷ್ಟೇ. ಅದೇ ಕೊನೆಯ ಮಾತು. ಮರೆತೆ ಎಂದರೆ ಯಾರು ನಂಬುತ್ತಾರೆ? ಒಂದೂ ಮುಕ್ಕಾಲು ಗಂಟೆ ಮುಂಚೆ ತಾನೇ ಎರಡು ಸಲ ಓದಿದ್ದನ್ನು ಮರೆಯುವವರು ಲೋಕದಲ್ಲಿ ಇರುತ್ತಾರೆಯೇ? ಇದ್ದಾರೆ. ನೀರಕ್ಕ ಇದ್ದಳು. ಪತ್ರ ಬರೆದಳು, ಹಾಗೆಯೇ ವಾಪಸು ಬಂತು. ಬಾಗಿಲಿಗೆ ಹೋದಳು, ಭಾವ ತಲೆ ತಗ್ಗಿಸಿಕೊಂಡು “ಇನ್ನೊಂದು ಸ್ವಲ್ಪ ದಿನ ಹೋಗ್ಲಿ” ಎಂದರು. ಸ್ವಲ್ಪ ದಿನ ಎನ್ನುವುದು ಹನ್ನೊಂದು ಮಳೆಗಾಲವಾಯಿತು.

ಹೀಗಿರುವಾಗ ಈ ವರ್ಷ ಬೇಸಿಗೆಯ ಕೊನೆಗೆ ಸಾಹೇಬರು ಕರೆದರು. ಸೂಚನೆಗಳೆಲ್ಲ ಇನ್ನು ಮೊಬೈಲ್ ಆ್ಯಪಿನಲ್ಲಿ ಬರುತ್ತವೆ, ಫೋನ್ ಸೇವೆ ಈ ತಿಂಗಳಿಗೆ ಮುಕ್ತಾಯ, ಅವಳನ್ನು ಜನನ-ಮರಣ ವಿಭಾಗಕ್ಕೆ ಹಾಕಲಾಗಿದೆ. “ಬೇಜಾರು ಮಾಡ್ಕೋಬೇಡಿ. ಕೇಳೋರೇ ಇಲ್ಲ ಈಗ” ಎಂದರು.

ಅವಳು ಸುಮ್ಮನಿರದೆ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕನ ಬಳಿ ಹೋದಳು. ಅವನು ಅವಳ ವಾರಗೆಯವನು, ಕಿವಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವವನು. “ನಿಜವಾಗ್ಲೂ ಯಾರೂ ಕೇಳ್ತಿಲ್ವಾ?”

“ಕೇಳ್ತಾರೆ ಮಾರಾಯ್ತಿ. ದಿನಕ್ಕೆ ಐದಾರು ಜನ. ತಮ್ಮ ವಾರ್ಡ್ ಬರೋವರೆಗೆ ಕೇಳಿ ಟಕ್ಕಂತ ಇಡ್ತಾರೆ. ಒಬ್ರು ಮಾತ್ರ ಇದಾರೆ ನೋಡು. ಬೆಳಿಗ್ಗೆ ಆರೂವರೆ ಅಂದ್ರೆ ಆರೂವರೆ. ಹನ್ನೊಂದು ನಿಮಿಷ ಪೂರ್ತಿ. ಒಂದಿನ ತಪ್ಪಿಸಿಲ್ಲ.”

“ಯಾವಾಗಿಂದ?”

“ಈ ಯಂತ್ರ ಬಂದು ಒಂಬತ್ತು ವರ್ಷ. ಅವತ್ತಿಂದ ಇದೆ.”

“ಯಾರ ನಂಬರು?”

“ಅದನ್ನ ಹೇಳೋ ಹಾಗಿಲ್ಲ. ಕೇಳ್ಬೇಡ, ನಾನು ಹೇಳಲ್ಲ.” ಅವನು ಪೆನ್ಸಿಲನ್ನು ಇನ್ನೊಂದು ಕಿವಿಗೆ ಬದಲಿಸಿದ. ಪುಣ್ಯಾತ್ಮ, ನಿಯಮ ಎಂದರೆ ನಿಯಮ.

ಅಂದಿನಿಂದ ಅವಳಿಗೆ ನಿದ್ದೆ, ಊಟ ಎರಡೂ ಅಷ್ಟಕ್ಕಷ್ಟೇ. ಅಕ್ಕನೇ ಇರಬೇಕು ಎಂದು ಒಂದು ಮನಸ್ಸು. ಆರೂವರೆಗೆ ಗಡಿಯಾರದ ಮುಳ್ಳು ಹಿಡಿದು ಕೂರುವವರು ಬೇರೆ ಯಾರು? ಇನ್ನೊಂದು ಮನಸ್ಸು ಹೇಳುತ್ತಿತ್ತು, ಅಕ್ಕನಾದರೆ ಮೂರನೆಯ ವಾರ್ಡು ಕೇಳಿ ಇಡಬೇಕಲ್ಲ? ಲೆಕ್ಕದ ಮೇಡಂ, ಒಂದು ನಿಮಿಷ ಹಾಳು ಮಾಡುವವಳಲ್ಲ. ಹನ್ನೊಂದು ನಿಮಿಷ ಯಾಕೆ ಕೂತಾಳು? ಯಾರೋ ಹಾಸಿಗೆ ಹಿಡಿದ ಮುದುಕರಿರಬೇಕು, ಪಾಪ, ಹೊತ್ತು ಹೋಗದೆ ಕೇಳುತ್ತಾರೆ. ಹಾಗೆಂದುಕೊಂಡ ಮರುಕ್ಷಣವೇ ಇಲ್ಲ, ಅಕ್ಕನೇ ಎಂದು ಹಟ ಹಿಡಿಯುತ್ತಿದ್ದಳು. ಅವಳಿಗೆ ಅಕ್ಕ ಬೇಕಾಗಿದ್ದಳು, ಅಷ್ಟೇ ಸಂಗತಿ. ಬೈದರೂ ಸರಿ, ಬೇಕಾಗಿದ್ದಳು. ಮೈಕಿನ ಮುಂದೆ ‘ಮೂರನೆಯ ವಾರ್ಡಿಗೆ’ ಎನ್ನುವಾಗ ದನಿ ತಾನಾಗಿ ನಿಧಾನವಾಗುತ್ತಿತ್ತು. ಅಲ್ಲೇ ‘ಅಕ್ಕಾ’ ಎಂದುಬಿಡಲೇ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಸಹಿ ಇಲ್ಲದ ಒಂದಕ್ಷರವನ್ನೂ ಇಪ್ಪತ್ತಾರು ವರ್ಷ ಓದಿದವಳಲ್ಲ; ನುಂಗಿಕೊಂಡಳು.

ತಿಂಗಳು ಮುಗಿಯಲು ಐದು ದಿನವಿರುವಾಗ ಬಂದ ಹಾಳೆ ನೋಡಿ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮಳೆಗಾಲದ ಮುಂಚಿನ ದುರಸ್ತಿಗಾಗಿ ನಾಳೆ ಸಂಜೆ ಆರರಿಂದ ಹೊಳೆಯ ಸೇತುವೆ ಬಂದ್. ಅದೇ ಸೇತುವೆ, ಅದೇ ಆರು ಗಂಟೆ. ಈ ಸಲ ಓದಿದ್ದು ತಲೆಗೆ ಹೋಯಿತು. ತಲೆಗೆ ಹೋಗಿ, ಎದೆಗಿಳಿದು, ಅಲ್ಲೇ ಕೂತಿತು.

ಮಾರನೆಯ ದಿನ ಮಧ್ಯಾಹ್ನ, ಬೇರೆಯವರೆಲ್ಲ ಊಟಕ್ಕೆ ಹೋದಾಗ, ಅವಳು ಬೆರಳಿಗೆ ಬಾಯಿಪಾಠವಾಗಿದ್ದ ಅಕ್ಕನ ನಂಬರು ಒತ್ತಿದಳು. ಆ ಕಡೆ ಎತ್ತಿದರು. “ಹಲೋ” ಎಂದದ್ದು ಅಕ್ಕನೇ. ದನಿ ಸ್ವಲ್ಪ ಒರಟಾಗಿತ್ತು, ವಯಸ್ಸಾಗಿತ್ತು.

ಹನ್ನೊಂದು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಎಲ್ಲಿ ಹೋಯಿತೋ! ನೀರಕ್ಕನ ಬಾಯಿಗೆ ಬಂದದ್ದು ಕಚೇರಿಯ ದನಿಯೊಂದೇ. “ನಾಗರಿಕರ ಗಮನಕ್ಕೆ. ಇಂದು ಸಂಜೆ ಆರು ಗಂಟೆಯಿಂದ ಹೊಳೆಯ ಸೇತುವೆಯ ಮೇಲೆ ವಾಹನ ಸಂಚಾರ ಇರುವುದಿಲ್ಲ. ಮೇಲಿನ ಸೇತುವೆಯನ್ನು...” ಅಲ್ಲಿಗೆ ದನಿ ಒಡೆಯಿತು.

“ಗೊತ್ತು,” ಎಂದಳು ಅಕ್ಕ. “ಬೆಳಿಗ್ಗೆನೇ ಕೇಳಿದೀನಿ.”

ಫೋನ್ ಇಟ್ಟಳು.

ಕಂಬಳಿ ಬಡಿದ ಕೋಣೆಯಲ್ಲಿ ನೀರಕ್ಕ ಬಿಕ್ಕಿಬಿಕ್ಕಿ ಅತ್ತಳು. ಅಕ್ಕನೇ! ಒಂಬತ್ತು ವರ್ಷ, ದಿನಾ ಬೆಳಿಗ್ಗೆ, ಅಕ್ಕನೇ! ಆ ಸಂತೋಷ ಗಳಿಗೆಹೊತ್ತೂ ನಿಲ್ಲಲಿಲ್ಲ. ಇನ್ನು ನಾಲ್ಕು ದಿನಕ್ಕೆ ಆ ನಂಬರೇ ಇರುವುದಿಲ್ಲವಲ್ಲ. ಮಾತಿಲ್ಲದಿದ್ದರೂ ಇಬ್ಬರ ನಡುವೆ ಒಂದು ಎಳೆ ಇತ್ತು ಎಂದು ತಿಳಿದದ್ದು, ಅದು ಹರಿಯುವ ಹೊತ್ತಿಗೆ. ಸಾಹೇಬರ ಬಳಿ ಹೋಗಿ ಇನ್ನೊಂದು ವರ್ಷ ನಡೆಸಿ ಎಂದು ಅಂಗಲಾಚಿದಳು. ಅವರು ಒಳ್ಳೆಯವರೇ, ಕುರ್ಚಿ ಕೊಟ್ಟರು, ಟೀ ತರಿಸಿದರು, ಆಗುವುದಿಲ್ಲ ಎಂದರು.

ಕೊನೆಯ ದಿನದ ಹಾಳೆಯ ಅಡಿಯಲ್ಲಿ ‘ಈ ಸೇವೆ ಇಂದಿಗೆ ಮುಕ್ತಾಯವಾಗಿದೆ, ಸಹಕರಿಸಿದ್ದಕ್ಕೆ ವಂದನೆಗಳು’ ಎಂದಿತ್ತು. ಅದನ್ನೂ ತಡವರಿಸದೆ ಓದಿದಳು. ಮಾರನೆಯ ಸಂಜೆ ಮೆಕ್ಯಾನಿಕ್ ಬಂದು ತಂತಿ ಬಿಚ್ಚುತ್ತ, “ಆರೂವರೆಯವ್ರು ಇವತ್ತೂ ಪೂರ್ತಿ ಕೇಳಿದ್ರು” ಎಂದಷ್ಟೇ ಹೇಳಿದ.

ಒಂದನೆಯ ತಾರೀಖು ಬೆಳಿಗ್ಗೆ ನೀರಕ್ಕ ಬೇಗ ಎದ್ದು, ಏನೂ ತೋಚದೆ ನಡುಮನೆಯ ಕುರ್ಚಿಯಲ್ಲಿ ಕೂತಿದ್ದಳು. ಹೊರಗೆ ಮೊದಲ ಮಳೆಯ ಮೋಡ. ಯಾವ ನಂಬರಿಗೂ ಈಗ ಅವಳ ದನಿ ಇಲ್ಲ. ಅಕ್ಕ ಈ ಹೊತ್ತಿಗೆ ಏನು ಮಾಡುತ್ತಿರಬಹುದು? ಅಭ್ಯಾಸಬಲದಿಂದ ರಿಸೀವರ್ ಎತ್ತಿ ಇಟ್ಟಿರಬಹುದೇ? ಗಡಿಯಾರದಲ್ಲಿ ಆರೂವರೆಯಾಯಿತು.

ಫೋನ್ ಹೊಡೆದುಕೊಂಡಿತು. ಅದು ಅಮ್ಮನ ಕಾಲದ ಲ್ಯಾಂಡ್‌ಲೈನು. ತೆಗೆಸಿಬಿಡಿ ಎಂದು ಪಕ್ಕದ ಮನೆಯಾಕೆ ಎಷ್ಟು ಹೇಳಿದರೂ ಅವಳು ಉಳಿಸಿಕೊಂಡಿದ್ದಳು, ಅಕ್ಕನಿಗೆ ಗೊತ್ತಿದ್ದದ್ದು ಅದೊಂದೇ ನಂಬರು ಎಂದು.

“ಹಲೋ?”

“ಆರರಿಂದ ಆರೂ ಮುಕ್ಕಾಲು.”

“ಏನು?”

“ಹತ್ತೊಂಬತ್ತನೇ ವಾರ್ಡಿಗೆ ನೀರು. ಆ್ಯಪ್‌ನಲ್ಲಿ ಹಾಕಿದಾರೆ. ಇನ್ನು ಹದಿನೈದು ನಿಮಿಷ ಇದೆ. ಹಿಡಿದ್ಯಾ?”

ನೀರಕ್ಕ ಬಾಗಿಲಾಚೆ ಅಡುಗೆಮನೆಯ ಕಡೆ ನೋಡಿದಳು. ನಲ್ಲಿಯ ಕೆಳಗೆ ಬಕೆಟ್ಟುಗಳು ಒಣಗಿ ಕೂತಿದ್ದವು.

“ಇಲ್ಲ ಅಕ್ಕಾ,” ಎಂದಳು. ಕಣ್ಣೀರು ಧಾರಾಕಾರ ಸುರಿಯುತ್ತಿತ್ತು. “ಮರೆತೆ.”

“ಗೊತ್ತಿತ್ತು ನಂಗೆ. ಮೂರನೇ ವಾರ್ಡ್ ಕೇಳಿ ಫೋನ್ ಇಡೋಣ ಅಂತ ದಿನಾ ಅಂದ್ಕೋತಿದ್ದೆ. ಹತ್ತೊಂಬತ್ತನೇದು ಬರೋವರೆಗೆ ಕೈ ಬರ್ತಿರ್ಲಿಲ್ಲ. ಅದು ಬಂದ್ಮೇಲೆ, ಇವಳು ಹಿಡಿದಿರ್ತಾಳೋ ಇಲ್ವೋ ಅಂತ ಯೋಚ್ನೆ ಮಾಡ್ತಾ ಕೂತಿದ್ರೆ ಉಳಿದದ್ದೂ ಮುಗಿದು ಹೋಗೋದು.” ಅಕ್ಕ ಮೂಗು ಸೀಟಿಕೊಂಡಳು. “ಅವತ್ತೂ ಮರೆತೇ ಇರ್ತೀಯ. ಇದು ನಂಗೆ ಎಷ್ಟೋ ವರ್ಷದ ಹಿಂದೆನೇ ಗೊತ್ತಾಯ್ತು. ಫೋನ್ ಮಾಡೋಕೆ ಮಾತ್ರ... ಸರಿ, ಸರಿ, ಅಳ್ಬೇಡ. ಹೋಗು ಗಡಿಬಿಡಿ, ನಲ್ಲಿ ತಿರುಗಿಸು. ನಾನು ಫೋನ್ ಇಡಲ್ಲ.”

ನೀರಕ್ಕ ರಿಸೀವರನ್ನು ಕುರ್ಚಿಯ ಮೇಲೆ ಮೆಲ್ಲನೆ ಮಲಗಿಸಿ ಒಳಗೆ ಓಡಿದಳು. ನಲ್ಲಿ ತಿರುಗಿಸಿದಳು, ನೀರು ಬಿತ್ತು. ವಾಪಸು ಬಂದು ಮತ್ತೆ ಕಿವಿಗಿಟ್ಟುಕೊಂಡಳು. ಬಕೆಟ್ಟು ತುಂಬುವವರೆಗೆ ಇಬ್ಬರೂ ನೀರಿನ ಸದ್ದು ಕೇಳುತ್ತ ಕೂತರು.