ಅಮಾವಾಸ್ಯೆಯ ದಿನ ಕೊಳ್ಳದ ವಿಮಾನ

೧೯೯೬ರಲ್ಲಿ, ಎಂಟನೆಯ ತರಗತಿಯ ನಡುವೆ, ನನ್ನ ಓದು ನಿಂತಿತು. ಮರುವಾರವೇ ಅಂಕೋಲೆಯ ಒಂದು ಲಾರಿಗೆ ಕ್ಲೀನರ್ ಆಗಿ ಹತ್ತಿದೆ. ಆಮೇಲೆ ಟೆಂಪೊ, ಟಿಪ್ಪರ್, ಕೊನೆಗೆ ನಮ್ಮ ತೋಡೂರಿನ ಕಡೆಯಿಂದ ಕೆಲಸಗಾರರನ್ನು ಹತ್ತಿಸಿಕೊಂಡು ಕೈಗಾಕ್ಕೆ ಹೋಗುವ ಗುತ್ತಿಗೆ ಬಸ್ಸು. ಕುಳಿತು ಉಂಡವನು ಎಂದು ನನ್ನನ್ನು ಯಾರೂ ಅನ್ನುವಂತಿಲ್ಲ. ಆದರೆ ಇಷ್ಟು ವರ್ಷ ಓಡಿಸಿದ ಗಾಡಿಗಳಲ್ಲಿ ಒಂದೂ ನನ್ನದಾಗಿರಲಿಲ್ಲ.

ಕಳೆದ ವರ್ಷ ಮಳೆಗಾಲದ ಮೊದಲು ಟಯರ್ ಬದಲಿಸುವಾಗ ಜಾಕ್ ಜಾರಿ ಎಡ ಪಾದ ಅಡಿಗೆ ಸಿಕ್ಕಿತು. ಎಡಗಾಲು ಅಂದರೆ ಕ್ಲಚ್ಚಿನ ಕಾಲು. ಒಳಗೆ ರಾಡು ಹಾಕಿದರು, ಹೊಲಿದರು, ಇನ್ನು ಕಾಯಬೇಕು ಎಂದರು. ಬೆಳಿಗ್ಗೆ ಹೆದ್ದಾರಿಯಿಂದ ನನ್ನ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಹೊಸ ಡ್ರೈವರ್ ಉದ್ದಕ್ಕೆ ಒತ್ತುತ್ತಿದ್ದ. ನಾನು ಚಿಕ್ಕದಾಗಿ ಎರಡು ಸಲ ಒತ್ತುತ್ತಿದ್ದೆ. ಹೆಂಡತಿ ಶಾಲೆಯ ಬಿಸಿಯೂಟದ ಅಡುಗೆಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಆ ಕಾಲು, ಇಬ್ಬರೇ.

ಹೆಂಡತಿಯ ಅಣ್ಣ ಅಂಕೋಲೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ, ಮುಚ್ಚಿದ್ದ. ಅಲ್ಲಿ ಉಳಿದಿದ್ದ ಒಂದು ಹಳೆಯ ಯಂತ್ರವನ್ನೂ ಜಾಯ್‌ಸ್ಟಿಕ್ಕನ್ನೂ ರಿಕ್ಷಾದಲ್ಲಿ ತಂದು ನನ್ನ ಮಂಚದ ಪಕ್ಕಕ್ಕೆ ಜೋಡಿಸಿದ.

"ತಕಾ ಭಾವ, ಕ್ಲಚ್ ಇಲ್ಲದ ಗಾಡಿ. ಕೈ ಇದ್ರೆ ಸಾಕು."

"ಹುಡುಗ್ರ ಆಟ ನಂಗೆ ಎಂತಕೆ?"

"ಆಟ ಅಲ್ಲ ಮಾರಾಯಾ, ಧಂದೆ. ನೀನೇ ಮಾಲಕ. ಮಾಲಕ ಆದ್ಮೇಲೆ ನಮ್ಮನ್ನ ಮರೀಬೇಡ ಮತ್ತೆ."

ಧಂದೆಯೇ ಸರಿ. ಕಂಪ್ಯೂಟರಿನೊಳಗೆ ನಮ್ಮದೊಂದು ವಿಮಾನ ಕಂಪನಿ ತೆರೆಯಬೇಕು. ಆಟವೇ ಒಂದಿಷ್ಟು ಬಂಡವಾಳ ಕೊಡುತ್ತದೆ. ಅದರಲ್ಲಿ ಮೊದಲ ವಿಮಾನ ಹುಡುಕಿ, ಸರಕು ಹೊತ್ತು, ಊರಿಂದೂರಿಗೆ ನಾವೇ ಹಾರಿಸಬೇಕು. ನಿಲ್ದಾಣ ಆರಿಸುವಾಗ ನಾನು ಅಂಕೋಲೆಯನ್ನೇ ಹುಡುಕಿದೆ. ಅಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಟದಲ್ಲಿ ಬರೀ ಹಸಿರಿತ್ತು. ಹುಬ್ಬಳ್ಳಿಯಲ್ಲಿ ಜಾಗ ಹಿಡಿದೆ. ಹಿಡಿದ ದಿನದಿಂದ ಆ ಜಾಗದ ಬಾಡಿಗೆ ವಾರವಾರ ಬಂಡವಾಳವನ್ನು ತಿನ್ನತೊಡಗಿತು.

ಹೊಸ ವಿಮಾನಗಳ ಬೆಲೆ ನೋಡಿ ಕಣ್ಣು ಮುಚ್ಚಿಕೊಂಡೆ. ದೇಶದೇಶಗಳ ಆಟಗಾರರೆಲ್ಲ ಬಂದು ಕೊಳ್ಳುವ ಹಳೆಯ ವಿಮಾನಗಳ ಸಂತೆಯಲ್ಲಿ ದಿನವಿಡೀ ಕುಳಿತೆ. ಬೆಲೆ ಹೊಂದಿದರೆ ಇಂಜಿನ್ ಸತ್ತಿರುತ್ತದೆ, ಇಂಜಿನ್ ಚೆನ್ನಾಗಿದ್ದರೆ ಅದು ಬ್ರೆಜಿಲ್ಲಿನಲ್ಲಿ ನಿಂತಿರುತ್ತದೆ.

"ಬಾಡಿಗೆ ವಿಮಾನ ತಕಂಡು ಶುರು ಮಾಡು ಭಾವ, ಎಲ್ಲರೂ ಹಾಗೇ ಮಾಡೂದು," ಎಂದ ಹೆಂಡತಿಯ ಅಣ್ಣ.

"ಇಪ್ಪತ್ತೊಂಬತ್ತು ವರ್ಷ ಮಂದಿ ಗಾಡಿ ಹೊಡೆದದ್ದು ಸಾಕು."

"ದುಡ್ಡು ಖಾಲಿ ಆದ್ರೆ ಕಂಪನಿ ಮುಚ್ತದೆ. ಮುಚ್ಚಿದ್ರೆ ಮತ್ತೊಂದು ತೆರಿ, ಎಂತ ಆಗ್ತದೆ?"

"ಮುಳುಗ್ಸಿ ಮತ್ತೆ ತೆರಿಯೂ ಜಾತಿ ಅಲ್ಲ ನಾನು."

ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಹೆಸರಿನ ಒಂದು ಗಾಡಿ ಬೇಕಿತ್ತು, ಅದನ್ನು ನನ್ನ ಕೈ ಓಡಿಸಬೇಕಿತ್ತು. ದುಡ್ಡು ಕರಗುವುದರೊಳಗೆ ಸಿಗದಿದ್ದರೆ ಮತ್ತೆ ಮಂಚ, ಮಾಡಿನ ಹೆಂಚು.

ಹೀಗಿರುವಾಗ ಒಂದು ಮಧ್ಯಾಹ್ನ ಅದು ಬಂತು. ನಾಲ್ಕು ಸೀಟಿನ ಹಳೆಯ ವಿಮಾನ, ಇಂಜಿನ್ ಆರೋಗ್ಯವಾಗಿದೆ, ನಿಂತಿರುವುದು ಗೋವಾದಲ್ಲಿ. ಬೆಲೆ ನನ್ನ ಕೈಯೊಳಗೆ. ಬೆರಳು ಗುಂಡಿಯ ಮೇಲೇ ಇತ್ತು. ಅಷ್ಟರಲ್ಲಿ ಗೋಡೆಯ ಪಂಚಾಂಗದ ಕಡೆ ಕಣ್ಣು ಹೋಯಿತು. ಅಮಾವಾಸ್ಯೆ.

ನಮ್ಮ ಲೈನಿನಲ್ಲಿ ಯಾರೂ ಅಮಾವಾಸ್ಯೆಗೆ ಗಾಡಿ ತೆಗೆದುಕೊಳ್ಳುವುದಿಲ್ಲ. ಮುಂಗಡ ಕೊಟ್ಟಿದ್ದರೂ ಕೀಲಿಕೈ ಮುಟ್ಟುವುದಿಲ್ಲ. ನಾನು ಬೆರಳು ತೆಗೆದೆ. ಹೆಂಡತಿ ಬಂದಾಗ ಹೇಳಿದೆ.

"ಆಟದ ವಿಮಾನಕ್ಕೂ ಅಮಾಸೆ ಅದೆಯಾ? ಹಂಗಾದ್ರೆ ರಾಹುಕಾಲನೂ ನೋಡಿ, ಒಂದು ಜಾತಕನೂ ತರಿಸಿ!"

"ಗಾಡಿ ಅಂದ್ರೆ ಗಾಡಿಯೇ. ನಾಳೆ ತಕಂತೆ."

ಮರುದಿನ ಸ್ನಾನ ಮಾಡಿ ಕುಳಿತೆ. ವಿಮಾನ ಇರಲಿಲ್ಲ. ಯಾವುದೋ ದೇಶದ ಯಾರೋ ಒಯ್ದಿದ್ದ. ಅವನಿಗೆ ಯಾವ ಅಮಾವಾಸ್ಯೆ? ಹೆಂಡತಿ ಈ ಸಲ ತಮಾಷೆ ಮಾಡಲಿಲ್ಲ. ಚಹಾ ಇಟ್ಟು ಹೋದಳು; ಅದು ತಣ್ಣಗಾಯಿತು.

ಅದೇ ವಾರ ಕಾರವಾರದಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎಲುಬು ಕೂಡಿಲ್ಲ, ದೊಡ್ಡ ಗಾಡಿಯ ಆಸೆ ಬಿಡಿ ಎಂದರು. ಹೊರಗೆ ಬಂದು ಬಸ್ಸಿನ ಮಾಲೀಕರಿಗೆ ನಾನೇ ಫೋನ್ ಮಾಡಿ, ನನಗಾಗಿ ಕಾಯಬೇಡಿ ಎಂದೆ. ಅವರು, "ಅಯ್ಯೋ, ಕಾಯೂದೆಲ್ಲ ನಿಲ್ಸಿ ಸುಮಾರು ದಿನ ಆಯ್ತಲ್ಲ, ಯಾರೂ ಹೇಳಲಿಲ್ವಾ ನಿಂಗೆ?" ಎಂದರು. ಬರುವಾಗ ರಿಕ್ಷಾದಲ್ಲಿ ಸಮುದ್ರದ ಕಡೆ ಮುಖ ಹಾಕಿ ಕುಳಿತೆ. ಹೆಂಡತಿ ನನ್ನ ಮುಖ ನೋಡದೆ ಊರುಗೋಲು ಹಿಡಿದುಕೊಂಡಿದ್ದಳು.

ಮನೆಗೆ ಬಂದವನು ಶರಟು ಸಹ ಬಿಚ್ಚದೆ ಯಂತ್ರ ಹಚ್ಚಿದೆ. ಬಂಡವಾಳ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅದರಲ್ಲಿ ಸಿಗುವ ವಿಮಾನ ಒಂದೇ ಒಂದಿತ್ತು: ಎರಡು ಸೀಟಿನದು, ಇಂಜಿನ್ ಮುದಿ, ನಿಂತಿರುವುದು ಲಕ್ಷದ್ವೀಪದ ಅಗತ್ತಿಯಲ್ಲಿ. ಸುತ್ತ ನೀರು. ತರಬೇಕಾದರೆ ಕೊಚ್ಚಿಯ ತನಕ ಎರಡೂವರೆ ತಾಸು ಸಮುದ್ರ ದಾಟಬೇಕು. ಇಂಜಿನ್ ನಡುವೆ ನಿಂತರೆ ವಿಮಾನವೂ ಹೋಯಿತು, ಕಂಪನಿಯೂ ಹೋಯಿತು. ಪಂಚಾಂಗ ನೋಡಲಿಲ್ಲ. ಗುಂಡಿ ಒತ್ತಿದೆ.

ಮೊದಲ ಟ್ರಿಪ್ ಖಾಲಿ ಹೋಗಬಾರದು. ಉಳಿದ ದುಡ್ಡಿಗೆ ಎಣ್ಣೆ ತುಂಬಿಸಿ, ಪಕ್ಕದ ಸೀಟಿಗೆ ಒಣಮೀನಿನ ಒಂದು ಚೀಲದ ಬಾಡಿಗೆ ಹಿಡಿದೆ. ಹೆಂಡತಿ ಒಳಗಿಂದ ಒಂದು ಲಿಂಬೆಹಣ್ಣು ತಂದಳು.

"ಚಕ್ರ ಎಲ್ಲಿ ಇದ್ರದು?"

"ಒಳಗದೆ."

"ಹಂಗಾದ್ರೆ ಇಲ್ಲೇ ಇಡ್ತೆ," ಎಂದು ಯಂತ್ರದ ಮುಂದೆ ಇಟ್ಟು ಕುರ್ಚಿ ಎಳೆದು ಕುಳಿತಳು.

ಹಾರಿದೆ. ದ್ವೀಪ ಹಿಂದೆ ಉಳಿಯಿತು. ಆಮೇಲೆ ನೀರು, ಮತ್ತೆ ನೀರು. ಒಂದು ತಾಸಿಗೆ ಇಂಜಿನ್ ಆಯಿಲಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಸರಿಯಿತು. ಹಳೆಯ ಟಿಪ್ಪರನ್ನು ಘಟ್ಟ ಹತ್ತಿಸುವಾಗ ಮಾಡುತ್ತಿದ್ದಂತೆ ವೇಗ ಇಳಿಸಿ, ಕಾಡದೆ, ಬಯ್ಯದೆ, ಅದರ ಪಾಡಿಗೆ ಬಿಟ್ಟೆ. ಎಡ ಪಾದ ನೆಲದ ಮೇಲೆ ತಾನಾಗಿಯೇ ಕ್ಲಚ್ ಒತ್ತುತ್ತಿತ್ತು. ನೋವು ಮಂಡಿಯ ತನಕ ಏರಿತು.

"ನೆಲ ಎಲ್ಲಿ?"

"ಬರ್ತದೆ."

"ಆಗಿಂದ ಅದೇ ಹೇಳ್ತಿದ್ರಿ."

"ಸುಮ್ನೆ ಕುಂತ್ಕಾ. ಡ್ರೈವರ್ ಹತ್ರ ಮಾತಾಡಬಾರದು."

ನೆಲ ಬಂತು. ವಿಮಾನ ಮೂರು ಸಲ ಪುಟಿದು, ರನ್‌ವೇಯ ಅಂಚಿನ ಹುಲ್ಲಿನಲ್ಲಿ ಒಂದು ಚಕ್ರ ಊರಿ ನಿಂತಿತು. ಸಂಜೆ ಆ ಲಿಂಬೆಯನ್ನು ಹಿಂಡಿ ಪಾನಕ ಮಾಡಿದಳು.

ಆ ಇಂಜಿನ್ ಇನ್ನೆಷ್ಟು ದಿನವೋ ಗೊತ್ತಿಲ್ಲ. ದೊಡ್ಡ ಗಾಡಿಯ ಲೈಸೆನ್ಸಿನ ಅವಧಿ ಮುಗಿಯಿತು, ನವೀಕರಿಸಲಿಲ್ಲ. ಈಗ ನನ್ನ ಬಳಿ ಇರುವುದು: ನನ್ನ ಹೆಸರಿನ ವಿಮಾನ ಒಂದು, ಅದರಲ್ಲಿ ಸೀಟು ಎರಡು, ಒಂದು ಚೀಲ ಒಣಮೀನಿನ ಬಾಡಿಗೆ, ರಾಡು ಹಾಕಿದ ಕಾಲು ಒಂದು, ನೆಟ್ಟಗಿರುವ ಕಾಲು ಒಂದು, ಕೈ ಎರಡು. ಬಸ್ಸು ಇಲ್ಲ.